ನಳ ನಿಂತಾಗ ಕೊಡದ ಲೆಕ್ಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ನೀರಿನ ವಿಷಯ ಕೊಟ್ಟು, ಮಾತನಾಡಲು ನನ್ನನ್ನು ಕರೆದಿದ್ದಾರೆ. ನಾನು 32 ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ನದಿ, ಸಾಗರ, ಪಂಚಭೂತಗಳ ಬಗ್ಗೆ ಹೇಳಲು ನನಗಿಂತ ತಿಳಿದವರು ಇಲ್ಲಿದ್ದಾರೆ. ಮನೆಯ ನಳದಲ್ಲಿ ನೀರು ನಿಂತರೆ ಮೊದಲು ಏನು ಮಾಡಬೇಕು, ಇದ್ದ ನೀರನ್ನು ಹೇಗೆ ಇಡಬೇಕು, ಓಣಿಯಲ್ಲಿ ಹೇಗೆ ಹಂಚಿಕೊಳ್ಳಬೇಕು ಎಂಬ ಮೂರು ಮಾತನ್ನಷ್ಟೇ ಹೇಳುತ್ತೇನೆ. ಮೂರನೆಯದು ಉಳಿದೆರಡಕ್ಕಿಂತ ಕಷ್ಟದ್ದು.

ನಮ್ಮ ಧಾರವಾಡಕ್ಕೆ ಕುಡಿಯುವ ನೀರು ಬರುವುದು ಮಲಪ್ರಭೆಯಿಂದ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರದಿಂದ ಎತ್ತಿದ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಊರಿಗೆ ಬರುತ್ತದೆ. ನಳ ತಿರುಗಿಸುವಾಗ ಈ ದಾರಿ ನಮ್ಮ ನೆನಪಿಗೆ ಬರುವುದಿಲ್ಲ. ದಾರಿಯಲ್ಲಿ ಎಲ್ಲೋ ದೊಡ್ಡ ಕೊಳವೆ ಒಡೆದರೆ, ಪಂಪಿಗೆ ಕರೆಂಟು ಹೋದರೆ, ಆಗ ನೆನಪಾಗುತ್ತದೆ. 2008ರಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಾಯೋಗಿಕ ವ್ಯವಸ್ಥೆ ಬಂತು. ನಮ್ಮ ಬಡಾವಣೆ ಆ ಭಾಗಕ್ಕೆ ಸೇರಿಲ್ಲ. ನಮಗೆ ಐದಾರು ದಿನಕ್ಕೊಮ್ಮೆ ನಳ ಬರುತ್ತದೆ. ಆದ್ದರಿಂದ 'ನಳ ಬಂದಾವೇನ್ರಿ?' ಎನ್ನುವುದು ನಮ್ಮ ಓಣಿಯಲ್ಲಿ 'ಊಟ ಆತೇನ್ರಿ?' ಎನ್ನುವಷ್ಟೇ ಸಹಜವಾದ ಮಾತು.

ಹೋದ ಬೇಸಿಗೆಯಲ್ಲಿ ಆ ಐದಾರು ದಿನ ಹನ್ನೊಂದು ದಿನವಾಯಿತು. ಕೊಳವೆ ಒಡೆದಿದೆ ಎಂದರು, ನಾಳೆ ಬರುತ್ತದೆ ಎಂದರು, ನಾಡಿದ್ದು ಎಂದರು. ಹನ್ನೊಂದು ದಿನವೆಂದು ಮೊದಲೇ ಗೊತ್ತಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದಿತ್ತು. ಯಾವತ್ತು ಬರುತ್ತದೆಂದು ಗೊತ್ತಿಲ್ಲದೆ ಇದ್ದ ನೀರನ್ನು ಬಳಸುವುದೇ ದೊಡ್ಡ ಕಷ್ಟ. ಅದಕ್ಕೆ ಮೊದಲ ಮಾತು ಲೆಕ್ಕದ್ದು.

ನಾವು ನೀರನ್ನು ಲೀಟರಿನಲ್ಲಿ ಯೋಚಿಸುವುದಿಲ್ಲ, ಕೊಡದಲ್ಲಿ ಯೋಚಿಸುತ್ತೇವೆ. ಹಾಗಾಗಿ ಕೊಡದಲ್ಲೇ ಹೇಳುತ್ತೇನೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಕೊಡ ಸುಮಾರು 15 ಲೀಟರ್ ಹಿಡಿಯುತ್ತದೆ. ಒಳಚರಂಡಿ ಇರುವ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕೆಂಬುದು ನಮ್ಮ ದೇಶದ ಮಾನದಂಡ. ಅಂದರೆ 9 ಕೊಡ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಗಳಿಗೆ ಗೊತ್ತುಮಾಡಿದ್ದು 55 ಲೀಟರ್. ನಾಲ್ಕು ಕೊಡಕ್ಕೆ ಸ್ವಲ್ಪ ಕಡಿಮೆ. ಭೂಕಂಪ, ನೆರೆ ಬಂದಾಗ ನಿರಾಶ್ರಿತರ ಶಿಬಿರಗಳಲ್ಲಿ ಕನಿಷ್ಠ ಇಷ್ಟಾದರೂ ಇರಬೇಕೆಂದು ಜಗತ್ತಿನ ನೆರವಿನ ಸಂಸ್ಥೆಗಳು ಒಪ್ಪಿಕೊಂಡದ್ದು ತಲೆಗೆ 15 ಲೀಟರ್. ಸರಿಯಾಗಿ ಒಂದು ಕೊಡ. ಒಂಬತ್ತು, ನಾಲ್ಕು, ಒಂದು. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ.

ಈಗ ಇನ್ನೊಂದು ಲೆಕ್ಕ ಮಾಡೋಣ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ನಾಲ್ಕು ಜನರ ಮನೆಗೆ ತಲೆಗೆ 9 ಕೊಡದಂತೆ 36 ಕೊಡ, ಅಂದರೆ 540 ಕಿಲೋ. ನಳ ಬರುವಾಗ ಇಷ್ಟು ಭಾರವನ್ನು ಕೊಳವೆ ಹೊರುತ್ತದೆ. ನಳ ನಿಂತ ಮರುದಿನ ಅದನ್ನು ಯಾರು ಹೊರುತ್ತಾರೆ? ನಮ್ಮ ಓಣಿಯಲ್ಲಿ ಎರಡನೆಯ ದಿನ ಬೆಳಿಗ್ಗೆ ಸಾಲಿನಲ್ಲಿ ನಿಂತವರನ್ನು ಎಣಿಸಿದೆ. 26 ಜನರಲ್ಲಿ 23 ಜನ ಹೆಂಗಸರು ಮತ್ತು ಹುಡುಗಿಯರು. ಆ ದಿನ ರವಿವಾರ. ಗಂಡಸರೆಲ್ಲ ಮನೆಯಲ್ಲೇ ಇದ್ದರು.

ಹಾಗಾಗಿ ಮೊದಲ ಲೆಕ್ಕ ನೀರಿನದಲ್ಲ, ಹೊರುವವರದು. ಮನೆಯಲ್ಲಿ ನೀರು ಬಳಸುವವರೆಲ್ಲ ನೀರು ತರಬೇಕು. ಸೈಕಲ್ಲಿಗೆ ಎರಡು ಕೊಡ ಕಟ್ಟಬಹುದು, ಸ್ಕೂಟರಿನ ಮುಂದೆ ಒಂದು ಕ್ಯಾನ್ ಇಡಬಹುದು, ಕೈಗಾಡಿ ಸಿಕ್ಕರೆ ಎಂಟು ಕೊಡ ಒಮ್ಮೆಗೆ ಬರುತ್ತವೆ. ಕಾಯಕವೆಂದು ಬಾಯಿತುಂಬ ಹೇಳುವ ನಮ್ಮಲ್ಲಿ ಕೊಡ ಹೊರುವುದು ಮಾತ್ರ ಹೆಂಗಸರ ಕೆಲಸವಾಗಿ ಉಳಿಯಬಾರದು. ತಾನು ಸ್ನಾನ ಮಾಡುವ ಬಕೆಟ್ಟನ್ನು ತಾನೇ ತಂದವನು ಆ ಸ್ನಾನವನ್ನು ಅರ್ಧ ಬಕೆಟ್ಟಿನಲ್ಲಿ ಮುಗಿಸುತ್ತಾನೆ. ಇದನ್ನು ನಾನು ಯಾರಿಗೂ ಬೋಧಿಸಬೇಕಾಗಲಿಲ್ಲ. ನನ್ನ ಮಗ ಮೂರು ದಿನದಲ್ಲಿ ತಾನಾಗಿ ಕಲಿತ.

ಮನೆಯೊಳಗಿನ ಲೆಕ್ಕ ಹೀಗಿರಲಿ. ಕುಡಿಯುವುದಕ್ಕೆ, ಅಡಿಗೆಗೆ ಬೇರೆ ಪಾತ್ರೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಪಾತ್ರೆಯ ಮೊದಲ ತಿಕ್ಕಿಗೆ, ಆಮೇಲೆ ಗಿಡಕ್ಕೆ. ಸ್ನಾನದ ನೀರು, ಬಟ್ಟೆ ಹಿಂಡಿದ ನೀರು ಬಚ್ಚಲಿನಲ್ಲಿ ಹರಿದು ಹೋಗದಂತೆ ಬುಟ್ಟಿಯಲ್ಲಿ ಹಿಡಿದರೆ ಪಾಯಖಾನೆಗೆ ಸಾಕಾಗುತ್ತದೆ. ಹಳೆಯ ಫ್ಲಶ್ ಟಾಕಿ ಒಮ್ಮೆಗೆ ಸುಮಾರು 10 ಲೀಟರ್ ಸುರಿಯುತ್ತದೆ; ಬಕೆಟ್ಟಿನಿಂದ ಹಾಕಿದರೆ ಅದರ ಅರ್ಧ ಸಾಕು. ಪಾತ್ರೆಗಳನ್ನು ನಳದ ಕೆಳಗೆ ತೊಳೆಯುವ ರೂಢಿ ಬಿಟ್ಟು, ಮೂರು ಬೋಗುಣಿ ಇಟ್ಟು ಒಂದರಿಂದ ಒಂದಕ್ಕೆ ಅದ್ದಿ ತೆಗೆಯಬೇಕು. ಊಟಕ್ಕೆ ಮುತ್ತಲ ಎಲೆ ಸಿಕ್ಕರೆ ಗಂಗಾಳ ತೊಳೆಯುವ ನೀರು ಉಳಿಯಿತು. ನಮ್ಮ ಪೂಜೆಗೂ ನೀರಿಲ್ಲವೆಂಬ ನೆಪ ಬೇಕಿಲ್ಲ. ಅಂಗೈ ಮೇಲಿನ ಇಷ್ಟಲಿಂಗಕ್ಕೆ ಒಂದು ಗಿಂಡಿ ನೀರು ಹೆಚ್ಚೇ ಆಯಿತು. ಅಂಗಳಕ್ಕೆ ಛಳಿ ಹೊಡೆಯುವುದು, ಗಾಡಿ ತೊಳೆಯುವುದು ನಿಲ್ಲಲಿ.

ಇಷ್ಟು ಹಿಡಿತ ಮಾಡುವಾಗ ಒಂದು ಎಚ್ಚರ ಬೇಕು. ಎಲ್ಲರಿಗೂ ಸಮ ಕೊಡ ಎಂದರೆ ಅದು ನ್ಯಾಯವಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ, ಎಳೆಗೂಸಿರುವ ಬಾಣಂತಿಗೆ, ಭೇದಿಯಾದವರಿಗೆ ಹೆಚ್ಚು ನೀರು ಬೇಕು. ಮುಟ್ಟಾದ ಹೆಣ್ಣುಮಕ್ಕಳಿಗೂ ಬೇಕು. ನನ್ನ ಶಿಕ್ಷಕ ವೃತ್ತಿಯಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಮನೆಯಲ್ಲಿ ನೀರು ಕಡಿಮೆಯಾದಾಗ ಹುಡುಗಿಯರು ಬಾಯಿಬಿಟ್ಟು ಕೇಳುವುದಿಲ್ಲ. ಕಡಿಮೆ ಕುಡಿಯುತ್ತಾರೆ, ಬಟ್ಟೆ ಬದಲಿಸುವುದನ್ನು ಮುಂದೂಡುತ್ತಾರೆ, ಉರಿಮೂತ್ರ ತಂದುಕೊಳ್ಳುತ್ತಾರೆ. ಶರಣರು ಪಂಚಸೂತಕಗಳನ್ನು ಕಿತ್ತೊಗೆದರು, ರಜಸ್ಸಿನಲ್ಲಿ ಮೈಲಿಗೆಯಿಲ್ಲ ಎಂದರು. ಹಾಗೆ ನಂಬಿದ ಮನೆಯಲ್ಲಿ ಮಗಳು 'ಇವತ್ತು ನನಗೊಂದು ಬಕೆಟ್ ಹೆಚ್ಚು ಬೇಕು' ಎಂದು ಅಪ್ಪನ ಮುಂದೆಯೂ ನಾಚಿಕೆಯಿಲ್ಲದೆ ಹೇಳುವಂತಿರಬೇಕು. ಮೈಲಿಗೆ ಬೇರೆ, ಸ್ವಚ್ಛತೆ ಬೇರೆ. ಮೊದಲನೆಯದಕ್ಕೆ ಒಂದು ಹನಿಯೂ ಬೇಡ. ಎರಡನೆಯದಕ್ಕೆ ಬೇಕಾದಷ್ಟು ಬೇಕು.

ಎರಡನೆಯ ಮಾತು, ನೀರನ್ನು ಇಡುವುದು. ದಿನವೂ ಬರದ ನಳದ ನೀರಿಗೆ ಒಂದು ದೋಷವಿದೆ. ಕೊಳವೆ ಖಾಲಿಯಿದ್ದಾಗ ಅದರೊಳಗೆ ಒತ್ತಡವಿರುವುದಿಲ್ಲ. ಬಿರುಕಿದ್ದಲ್ಲಿ ಸುತ್ತಲಿನ ಮಣ್ಣಿನ ನೀರು, ಗಟಾರದ ನೀರು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಎಷ್ಟೋ ದಿನಕ್ಕೆ ಬಂದ ನಳವೆಂದು ಮೊದಲ ಕೊಡವನ್ನೇ ಕುಡಿಯಲು ಹಿಡಿಯಬೇಡಿ. ಮೊದಲ ಹತ್ತು ನಿಮಿಷದ ನೀರನ್ನು ಪಾಯಖಾನೆಗೆ, ಗಿಡಗಳಿಗೆ ತೆಗೆದಿಡಿ, ಚೆಲ್ಲಬೇಕಾಗಿಲ್ಲ. ಆಮೇಲಿನ ತಿಳಿನೀರನ್ನು ಕುಡಿಯಲು ಹಿಡಿದು, ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಡಿ. ಒಳಗೆ ಕೈ ಅದ್ದದಂತೆ ಹಿಡಿಕೆಯ ಸೌಟು ಬಳಸಿ. ಕಾಯಿಸಿದ ನೀರು ಕೆಡುವುದು ಬಹಳ ಸಲ ನಮ್ಮ ಕೈಯಿಂದಲೇ.

ಟ್ಯಾಂಕರಿನ ನೀರು, ತೆರೆದ ಬಾವಿಯ ನೀರು ತುಂಬಿದ ಟಾಕಿಗೆ ಬ್ಲೀಚಿಂಗ್ ಪುಡಿ ಹಾಕುವುದುಂಟು. 1000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಪುಡಿ ಎಂಬುದು ಆರೋಗ್ಯಶಾಸ್ತ್ರದ ಪುಸ್ತಕಗಳಲ್ಲಿರುವ ಅಳತೆ. ಕಣ್ಣಂದಾಜಿನಲ್ಲಿ ಮುಷ್ಟಿಗಟ್ಟಲೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಿ, ಒಂದು ತಾಸು ಬಿಟ್ಟು ಬಳಸಬೇಕು. ಬೋರಿನ ನೀರಿನ ಬಗ್ಗೆ ಇನ್ನೊಂದು ಮಾತಿದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಗದಗ, ಕೊಪ್ಪಳದ ಕಡೆಯ ಹಳ್ಳಿಗಳಲ್ಲಿ ಹಲ್ಲು ಕಂದಿದ ಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳಕೆಗೆ ಬೋರಿನ ನೀರು ಇರಲಿ. ಕುಡಿಯುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿರಿ.

ತುಂಬಿಟ್ಟ ನೀರಿಗೆ ಮತ್ತೊಂದು ಶತ್ರು ಇದೆ. ಡೆಂಗಿ ಹರಡುವ ಸೊಳ್ಳೆ ಗಟಾರಕ್ಕಿಂತ ನಮ್ಮ ಹಂಡೆ, ಡ್ರಮ್ಮಿನ ತಿಳಿನೀರನ್ನು ಇಷ್ಟಪಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ವಾರ, ಹತ್ತು ದಿನ ಸಾಕು. ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಡ್ರಮ್ಮಿನ ತಳ ಒಣಗುವುದೇ ಇಲ್ಲ. ಆದ್ದರಿಂದ ವಾರಕ್ಕೊಂದು ದಿನ ಒಂದೊಂದೇ ಪಾತ್ರೆ ಖಾಲಿ ಮಾಡಿ, ಒಳಗೋಡೆಯನ್ನು ಬ್ರಶ್ಶಿನಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಬೇಕು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ಒಣಗಿದರೂ ಬದುಕಿರುತ್ತವೆ. ಬರೀ ಚೆಲ್ಲಿದರೆ ಸಾಲದು. ಉಳಿದ ದಿನ ಹಳೆ ಧೋತರದ ಬಟ್ಟೆಯನ್ನು ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿರಿ.

ಈಗ ಮೂರನೆಯ ಮಾತು, ಹಂಚಿಕೊಳ್ಳುವುದು.

ನಮ್ಮ ಓಣಿಯ ಮೂಲೆಮನೆಯ ಹಿರಿಯರ ಅಂಗಳದಲ್ಲಿ ಬೋರ್ ಇದೆ. ನಳ ನಿಂತ ಎರಡನೆಯ ದಿನವೇ ಅವರು ಗೇಟಿನ ಹೊರಗೆ ಪೈಪು ಚಾಚಿ, ಬೆಳಿಗ್ಗೆ ಎರಡು ತಾಸು ಎಲ್ಲರಿಗೂ ನೀರು ಬಿಟ್ಟರು. ಕರೆಂಟಿನ ಬಿಲ್ಲು ಅವರದೇ. ಓಣಿಯ ಹಿಂದೆ ಪೌರಕಾರ್ಮಿಕರ ಹದಿನಾಲ್ಕು ಮನೆಗಳಿವೆ. ಅವರ ಕಿರುಟಾಕಿಯೂ ಅದೇ ಕೊಳವೆಯದಾದ್ದರಿಂದ ಅದೂ ಬತ್ತಿತ್ತು. ಅವರೂ ಕೊಡ ಹಿಡಿದು ಬಂದರು. ಆಗ ಸಾಲಿನಲ್ಲಿ ಒಂದು ಮಾತು ಮೆಲ್ಲಗೆ ಹರಿದಾಡಿತು. ಅವರು ಆಮೇಲೆ ಬರಲಿ, ನಮ್ಮದೆಲ್ಲ ಮುಗಿಯಲಿ. ಪೈಪನ್ನು ಅವರ ಕೈಗೆ ಕೊಡುವುದು ಬೇಡ, ನಾವೇ ಮೇಲಿನಿಂದ ಹಿಡಿಯೋಣ. ಹೇಳಿದವರು ಜಗಳಗಂಟಿಯರಲ್ಲ. ಶ್ರಾವಣದಲ್ಲಿ ನಮ್ಮ ಜೊತೆ ಕೂತು ಪ್ರವಚನ ಕೇಳುವವರು, ಕೊರಳಲ್ಲಿ ಲಿಂಗ ಕಟ್ಟಿದವರು.

ನಾನು ಕೇಳಿದೆ, 'ಯಾಕವ್ವಾ, ಆಮೇಲ ಯಾಕ?'

'ಅಕ್ಕಾರ, ಪದ್ಧತಿ ಅಂತ ಒಂದ ಇರತೈತಲ್ರಿ' ಎಂದಳು ಒಬ್ಬಾಕೆ.

'ಪದ್ಧತಿ ನೀರಿಗೆ ಇಲ್ಲವ್ವಾ. ಇದ್ದರ ನಿನ್ನೆ ಗಟಾರ ಬಳದವರು ಆಮೇಲ ಯಾಕ ಬರಬೇಕು? ಮೊದಲ ಬರಬೇಕು' ಎಂದೆ. ಯಾರೂ ಉತ್ತರ ಕೊಡಲಿಲ್ಲ. ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. 'ಅಣ್ಣಾರ, ನೀವ ಹೇಳ್ರಿ' ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಬಂದು, ಪೈಪಿನ ತುದಿಯನ್ನು ತಾವೇ ಎತ್ತಿ, ಸಾಲಿನಲ್ಲಿ ಮುಂದಿದ್ದ ಹೆಣ್ಣುಮಗಳ ಕೈಗೆ ಕೊಟ್ಟರು. ಆಕೆ ಹಿಂದಿನ ಮನೆಗಳವಳು. 'ಹಿಡಿಯವಾ, ನಿನ್ನ ಪಾಳಿ' ಎಂದರು. ಅಷ್ಟೇ.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನದಿಂದ ಎರಡು ಮನೆಯವರು ಆ ಸಾಲಿಗೆ ಬರಲಿಲ್ಲ. ಹೆಚ್ಚು ದುಡ್ಡು ಕೊಟ್ಟು ಟ್ಯಾಂಕರ್ ತರಿಸಿಕೊಂಡರು. ಇವತ್ತಿಗೂ ಆ ಹಿರಿಯರ ಮನೆಯ ಕಾರ್ಯಗಳಿಗೆ ಅವರು ಕಾಲಿಡುವುದಿಲ್ಲ. ಹಿರಿಯರು ಅದರ ಬಗ್ಗೆ ಮಾತಾಡುವುದಿಲ್ಲ, ಆದರೆ ಮೊಮ್ಮಗಳ ಮದುವೆಯ ದಿನ ಅವರ ಕಣ್ಣು ಆ ಎರಡು ಮನೆಗಳ ಕಡೆ ಹೋದದ್ದನ್ನು ನಾನು ನೋಡಿದ್ದೇನೆ. ಸಮಾನತೆಗೆ ಇಷ್ಟು ಬೆಲೆ ಇದೆ. ಅದನ್ನು ವೇದಿಕೆಯ ಮೇಲೆ ನಿಂತು ಹೇಳುವವರು ಕೊಡುವುದಿಲ್ಲ. ಗೇಟಿನ ಹೊರಗೆ ಪೈಪು ಹಿಡಿದು ನಿಂತವರು ಕೊಡುತ್ತಾರೆ.

ಆ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ದಿನವೂ ಇರುತ್ತಿದ್ದಳು. ತಾಯಿ ಬೆಳಗಿನ ಜಾವ ರಸ್ತೆ ಗುಡಿಸಲು ಹೋಗುವುದರಿಂದ ನೀರು ತರುವುದು ಮಗಳ ಪಾಲಿಗೆ ಬಂದಿತ್ತು. ಪರೀಕ್ಷೆಯ ದಿನಗಳು. ನೀರಿಲ್ಲದ ಮೊದಲ ಆರು ದಿನಗಳಲ್ಲಿ ಆಕೆ ಶಾಲೆಗೆ ಹೋದದ್ದು ಎರಡೇ ದಿನ. ಅದು ತಿಳಿದ ಮೇಲೆ ನಾವು ಕೆಲವರು ಕೂತು ಪಾಳಿಯ ನಿಯಮ ಮಾಡಿ, ಗೇಟಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆವು. ಮೊದಲು ಶಾಲೆಗೆ ಹೋಗುವ ಮಕ್ಕಳು, ಆಮೇಲೆ ಬಾಣಂತಿ ಮತ್ತು ಕಾಯಿಲೆಯವರಿರುವ ಮನೆಗಳು, ಆಮೇಲೆ ಬಂದವರು ಬಂದಂತೆ. ಒಂದು ಪಾಳಿಗೆ ಮನೆಗೆ ಮೂರು ಕೊಡ; ಎಲ್ಲರದೂ ಆದ ಮೇಲೆ ಬೇಕಾದರೆ ಎರಡನೆಯ ಸುತ್ತು. ಇಷ್ಟೇ ನಾಲ್ಕು ಸಾಲು. ಏಳನೆಯ ದಿನದಿಂದ ಹುಡುಗಿ ಶಾಲೆ ತಪ್ಪಿಸಲಿಲ್ಲ. ಸಾಲಿನಲ್ಲಿ ಬೈಗುಳವೂ ಕಡಿಮೆಯಾಯಿತು. ನಿಯಮ ಬರೆದಿದ್ದರೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಹನ್ನೆರಡನೆಯ ದಿನ ನಳ ಬಂತು. ಆಗ ಇನ್ನೊಂದು ಪರೀಕ್ಷೆ. ಓಣಿಯ ಮೇಲ್ತುದಿಯ ಕೆಲವು ಮನೆಗಳಲ್ಲಿ ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ನೀರು ಎಳೆಯುತ್ತಾರೆ. ಅದು ಕಾನೂನಿಗೆ ವಿರುದ್ಧ. ಮೋಟಾರು ಎಳೆದಷ್ಟೂ ತುದಿಯ ಮನೆಗೆ ಒತ್ತಡ ಸಾಯುತ್ತದೆ. ಎಳೆತಕ್ಕೆ ಬಿರುಕಿನಿಂದ ಗಟಾರದ ನೀರೂ ಒಳಗೆ ಬರುತ್ತದೆ. ಹೀಗೆ ಎಳೆದವರು ತಮ್ಮ ಟಾಕಿ ತುಂಬಿಕೊಂಡು ಎಲ್ಲರ ಕೊಳವೆಯನ್ನೂ ಕೆಡಿಸುತ್ತಾರೆ. ಅವರನ್ನು ಕೇಳಿದರೆ ಬರುವ ಉತ್ತರ ಒಂದೇ: 'ಮತ್ತ ಯಾವಾಗ ಬರತಾವೋ ಏನೋ ರೀ.'

ಈ ಮಾತು ಕೇಳಿದಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ನೆಲದ ಮೇಲೆ ಬಿದ್ದದ್ದು. ಆದರೂ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ನಾಳೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅವಳಿಗೂ ಇರಲಿಕ್ಕೆ ಸಾಕು. ಬಡವಿ ಅವಳು. ಆದರೆ ತನ್ನ ನಾಳೆಯ ಚಿಂತೆಗೆ ಇನ್ನೊಬ್ಬರ ಇವತ್ತನ್ನು ಕೊಡಲಾಗದು ಎಂದು ಅವಳಿಗೆ ತಿಳಿದಿತ್ತು. ಬೇಕಾದಷ್ಟು ಎಷ್ಟು ಎಂದು ಮೊದಲೇ ಅಳೆದುಕೊಂಡವಳಿಗೆ ಮಾತ್ರ ಹೆಚ್ಚು ಬಂದದ್ದು ಕಾಣುತ್ತದೆ. ಅದಕ್ಕೇ ನಾನು ಕೊಡದ ಲೆಕ್ಕದಿಂದ ಮಾತು ಶುರು ಮಾಡಿದೆ.

ಕೊನೆಗೆ, ಮಳೆಯ ಮಾತು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿದವರು. ಅಲ್ಲಮಪ್ರಭುಗಳು ಅವರನ್ನು ಒಡ್ಡ ಎಂದು ಕೆಣಕಿ ಕರೆದ ಪ್ರಸಂಗವನ್ನು ನೀವೆಲ್ಲ ಪ್ರವಚನದಲ್ಲಿ ಕೇಳಿದ್ದೀರಿ. ಪ್ರಭುಗಳು ಪ್ರಶ್ನಿಸಿದ್ದು ಕಟ್ಟಿಸಿದೆನೆಂಬ ಭಾವವನ್ನು. ಬಾಯಾರಿದವರಿಗೆ ಕೆರೆ ಬೇಡವೆಂದು ಅವರು ಹೇಳಲಿಲ್ಲ. ನಮಗೆ ಕೆರೆ ಕಟ್ಟುವ ಶಕ್ತಿಯಿಲ್ಲ, ಆದರೆ ಮಾಳಿಗೆ ಇದೆ. 30 ಅಡಿ, 40 ಅಡಿಯ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 1,100 ಲೀಟರ್. ಸೋರಿದ್ದು, ಹಾರಿದ್ದು ಕಳೆದು 80 ಭಾಗ ಸಿಕ್ಕರೂ 58 ಕೊಡ. ಮುಂಗಾರಿನ ಮೊದಲೆರಡು ಮಳೆಗೆ ಮಾಳಿಗೆ ತೊಳೆದು ಹೋಗಲಿ; ಆಮೇಲಿನದನ್ನು ಜಾಳಿಗೆ, ಮರಳು ದಾಟಿಸಿ ಟಾಕಿಗೆ ಬಿಡಬಹುದು. ನಮ್ಮ ಹಳೆಯ ಮನೆಗಳ ಹಿತ್ತಲಲ್ಲಿ ಬಾವಿಗಳಿದ್ದವು. ನಳ ಬಂದ ಮೇಲೆ ಅವು ಕಸದ ಗುಂಡಿಗಳಾದವು. ಒಂದು ಬಾವಿಯ ಹೂಳು ತೆಗೆಯಲು ಓಣಿಯ ಹತ್ತು ಜನ ನಾಲ್ಕು ರವಿವಾರ ಕೊಟ್ಟರೆ ಸಾಕು.

ಪೂಜ್ಯರಲ್ಲಿ, ಈ ಸಭೆಯಲ್ಲಿ ನನ್ನ ಅರಿಕೆ ಮೂರು. ಮಠದ ದೊಡ್ಡ ಮಾಳಿಗೆಯ ಮಳೆನೀರು ಈ ಮುಂಗಾರಿನಿಂದಲೇ ಟಾಕಿಗೆ ಇಳಿಯಲಿ. ನಳ ನಿಂತ ದಿನ ಮಠದ ಬೋರಿನ ನೀರು ಬೀದಿಯ ಕಡೆ ಮುಖ ಮಾಡಿದ ನಳಗಳಿಂದ ಸಿಗಲಿ, ಅಲ್ಲಿ ಗೋಡೆಯ ಮೇಲೆ ಪಾಳಿಯ ನಿಯಮ ಬರೆದಿರಲಿ, ನಳ ತಿರುಗಿಸುವ ಕೈ ಯಾರದೆಂದು ಯಾರೂ ಕೇಳದಿರಲಿ. ಒಬ್ಬರೇ ಇರುವ ಹಿರಿಯರ, ಕಾಯಿಲೆಯವರ ಮನೆಗಳ ಪಟ್ಟಿಯನ್ನು ಯುವಕರ ಸಂಘ ಮಾಡಿಕೊಂಡು, ಆ ಮನೆಗಳಿಗೆ ಮೊದಲ ಕೊಡ ತಲುಪಿಸಲಿ. ದಾಸೋಹದಲ್ಲಿ ಅನ್ನದ ಪಂಕ್ತಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂಡಿಸಿದ ಮಠಕ್ಕೆ ನೀರಿನ ಪಾಳಿಯಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದು ಹೊಸದೇನಲ್ಲ.

ತಾಯಂದಿರೇ, ಅದಕ್ಕಿಂತ ಹೆಚ್ಚಾಗಿ ಅಣ್ಣಂದಿರೇ, ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿರಿ. ಒಂದು ದಿನಕ್ಕೆ ನಿಮ್ಮ ಮನೆಗೆ ಎಷ್ಟು ಕೊಡ ಬೇಕು, ನಳ ನಿಂತರೆ ಎಷ್ಟರಲ್ಲಿ ನಡೆಸಬಹುದು, ಅದನ್ನು ಯಾರು ಹೊರುತ್ತಾರೆ, ಈ ಮೂರನ್ನು ಒಂದು ಚೀಟಿಯ ಮೇಲೆ ಬರೆಯಿರಿ. ಮುಂದಿನ ತಿಂಗಳ ಗೋಷ್ಠಿಗೆ ಬರುವಾಗ ಆ ಚೀಟಿ ತನ್ನಿರಿ. ಎಲ್ಲರ ಚೀಟಿ ಕೂಡಿಸಿದರೆ ಬೇಸಿಗೆಗೆ ನಮ್ಮ ಓಣಿಗಳಿಗೆ ಎಷ್ಟು ನೀರು ಬೇಕೆಂಬ ಲೆಕ್ಕ ಸಿಗುತ್ತದೆ. ಟಾಕಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಆಗ ಕೂತು ಮಾತಾಡೋಣ.